ಓಡಿ ಬಂದವನು

ಹೊಳೆಯಪ್ಪ ರಜೆಗೆ ಬಂದು ವಾರ ತುಂಬುವಷ್ಟರಲ್ಲಿ ಮನೆಯ ಜೋಳದ ಹಿಟ್ಟು ಮುಗಿಯಿತು.

ಹನಮವ್ವ ಡಬ್ಬಿಯ ತಳ ಕೆರೆದು ಕೊನೆಯ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಒಲೆಯ ಎದುರಿಗೆ ಕೂತ ಮಗ ಪುಂಡಿಪಲ್ಲೆಯನ್ನು ಬಳಿದು ಮುಗಿಸಿ, ಗಂಗಾಳವನ್ನೂ ಒರೆಸಿ, ಹಂಚಿನ ಕಡೆಗೇ ನೋಡಿದ.

"ಅದು ಯಾರದ್ಬೇ ಯವ್ವಾ?"

"ನಿಮ್ಮಪ್ಪಂದೋ."

"ಹಂಗಾರ ಬ್ಯಾಡ ಬಿಡು."

"ತಿನ್ನು, ತಿನ್ನು. ಅವ್ರಿಗೆ ನವಣಕ್ಕಿ ಅನ್ನ ಮಾಡ್ತೀನಿ."

ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದ ಅಜ್ಜಿ ಮೈಲಾರವ್ವ ಕೈಯ ಕದರು ನಿಲ್ಲಿಸಿದಳು. "ಮಿಲಿಟರ್ಯಾಗ ಉಣ್ಣಾಕ ಕೊಡಂಗಿಲ್ಲೇನ್ ಇವಗ?"

"ಕೊಡ್ತಾರ ಆಯಿ. ಓಡಿದ್ರ ಹಸಿವು ಬಾಳ ಆಗತೈತಿ."

"ಓಡು ಅಂತ ಯಾರ್ ಅಂದಾರ ನಿನಗ? ನಾಯಿ ಬೆನ್ನ ಹತ್ತಿತ್ತೇನು?"

ನಾಯಿ ಬೆನ್ನು ಹತ್ತಿರಲಿಲ್ಲ. ತಿರ್ಲಾಪುರದ ನಾಯಿಗಳಿಗೆ ಮೊದಲೆರಡು ದಿನ ಕುತೂಹಲವಿತ್ತು, ಈಗ ಅವೂ ಬೇಸತ್ತಿದ್ದವು. ಹೊಳೆಯಪ್ಪ ನಸುಕಿನಲ್ಲೇ ಎದ್ದು ಎರೆಹೊಲಗಳ ನಡುವಿನ ಬಂಡಿದಾರಿ ಹಿಡಿದು ಓಡುತ್ತಿದ್ದ. ಹೊತ್ತು ಏರಿದ ಮೇಲೆ ಬೆವರಿನಲ್ಲಿ ಮಿಂದು ಮನೆಗೆ ಬರುತ್ತಿದ್ದ. ಸೇನೆಗೆ ಸೇರಿ ಆರು ವರ್ಷವಾಗಿತ್ತು. ಎಂಬತ್ತೈದರ ದಸರೆ, ದೀಪಾವಳಿ ಎರಡೂ ಸೇರುವಂತೆ ಎರಡು ತಿಂಗಳ ರಜೆ ಹಾಕಿ ಬಂದಿದ್ದ ಅವನಿಗೆ ರಜೆಯಲ್ಲೂ ಕಾಲನ್ನು ಸುಮ್ಮನೆ ಬಿಡುವಂತಿರಲಿಲ್ಲ.

ಅವನ ಕೆಲಸ ಏನೆಂಬುದು ಮನೆಯವರಿಗೆ ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಕಾಶ್ಮೀರದಲ್ಲಿ ಮೊದಲ ಚಳಿಗಾಲ ಅವನನ್ನು ಹಿಮದ ಗುಡ್ಡದ ಮೇಲೆ ಸೀಮೆಎಣ್ಣೆಯ ಡಬ್ಬಿ ಹೊರುವುದಕ್ಕೆ ಹಾಕಿದ್ದರು. ಗುಡ್ಡಗಾಡಿನ ಹುಡುಗರು ಕಾಲಿಗೆ ಸ್ಕೀ ಎಂಬ ಉದ್ದನೆಯ ಪಟ್ಟಿ ಕಟ್ಟಿಕೊಂಡು ಅವನನ್ನು ದಾಟಿ ಹೋಗುತ್ತಿದ್ದರು, ಹೋಗುವಾಗ ನಗುತ್ತಿದ್ದರು. ಕುರಿಗಳ ಹಿಂದೆ ನಡೆದು ಬೆಳೆದ ಈ ಬಯಲುಸೀಮೆಯವ ದಣಿಯುವುದೇ ಇಲ್ಲವಲ್ಲ ಎಂದು ಕಂಡ ಒಬ್ಬ ಸುಬೇದಾರರು ಅವನ ಕಾಲಿಗೂ ಸ್ಕೀ ಕಟ್ಟಿಸಿದರು. ಒಂದು ಚಳಿಗಾಲವೆಲ್ಲ ಬಿದ್ದ. ಮರುವರ್ಷ ಕಡಿಮೆ ಬಿದ್ದ. ಈಗ ಪಲ್ಟನ್ನಿನ ತಂಡದಲ್ಲಿ ದೂರದ ಓಟಕ್ಕೆ ಇಳಿಯುತ್ತಿದ್ದ.

"ಜಾರಾಕ ಇಷ್ಟ ಯಾಕ ತಾಕತ್ ಬೇಕೋ?" ಎಂದು ಅಜ್ಜಿ ಕೇಳಿದಳು. "ನಮ್ಮ ಎಮ್ಮಿ ಹೊಂಡದ ದಂಡ್ಯಾಗ ಜಾರತೈತಿ. ಅದಕ್ಕ ಯಾರ್ ಕಲಿಸ್ಯಾರ?"

"ಇಳಿಜಾರದಾಗ ಜಾರೂದು ಬ್ಯಾರೆ ಆಟ ಆಯಿ. ನಂದು ಏರು ಬಂದ್ರ ಏರೂದು, ಸಪಾಟ ಬಂದ್ರ ಕೋಲಿಲೆ ನೂಕ್ಕೊಂಡು ಓಡೂದು. ಬರ್ಫದಾಗ ಹರದಾರಿಗಟ್ಟಲೆ ಓಡಬೇಕು."

"ಪಟ್ಟಿ ಕಟ್ಗೊಂಡು?"

"ಹೂಂ, ಪಟ್ಟಿ ಕಟ್ಗೊಂಡ."

"ಪಟ್ಟಿ ಬಿಚ್ಚಿ ಓಡಿದ್ರ ಲಗೂನ ಮುಟ್ಟತಿದ್ದಿ," ಎಂದು ಅಜ್ಜಿ ಮತ್ತೆ ಕದರು ತಿರುಗಿಸಿದಳು.

ಅಂದು ಸಂಜೆ ಊಟಕ್ಕೆ ಕೂತಾಗ ಹೊಳೆಯಪ್ಪ ಮನಸ್ಸಿನಲ್ಲಿದ್ದದ್ದನ್ನು ಹೇಳಿದ. ಬೆಳಗಾವಿಯ ಸೇನಾ ಉಗ್ರಾಣದಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಬೇಕಾದರೆ ಅದು ಅವನಿಗೇ. ಬೇಡವಾದರೆ ಈ ಚಳಿಗಾಲವೂ ಹಿಮಕ್ಕೆ ಹೋಗಬಹುದು. ಎಲ್ಲ ಪಲ್ಟನ್ನುಗಳ ದೊಡ್ಡ ಪಂದ್ಯಕ್ಕೆ ನಾಲ್ಕು ಜನರ ತಂಡ ಆರಿಸುವವರಿದ್ದರು. ರಜೆ ಮುಗಿಸಿ ಬಂದವನೇ ಎರಡರಲ್ಲಿ ಒಂದನ್ನು ಹೇಳು ಎಂದಿದ್ದರು ಸುಬೇದಾರರು.

ಅಪ್ಪ ಮಾಳಪ್ಪ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ಮಳೆಗಾಲದಿಂದ ಅವನ ಬಲಗಾಲಿನ ಮಂಡಿ ಬಾತುಕೊಂಡಿತ್ತು. ಕುರಿ ಬಿಟ್ಟುಕೊಂಡು ಹೋದವನು ಸಂಜೆ ಬರುವಾಗ ಕೋಲಿನ ಮೇಲೆಯೇ ಬರುತ್ತಿದ್ದ.

"ಬೆಳಗಾಂವ ಅಂದ್ರ ಮುಂಜಾನೆ ಬಸ್ಸಿಗೆ ಕುಂತ್ರ ಮಧ್ಯಾಹ್ನಕ್ಕ ಮನ್ಯಾಗ. ಇದ್ರಾಗ ವಿಚಾರ ಮಾಡೂದೇನೈತಿ?"

"ಒಂದ ಚಳಿಗಾಲ ಯಪ್ಪಾ. ನಾಕು ಮಂದ್ಯಾಗ ಸಿಕ್ರ ಸಿಕ್ಕೆ. ಇಲ್ಲಂದ್ರ ಬೆಳಗಾಂವ."

"ಅಷ್ಟರಾಗ ಆ ಜಾಗಾ ನಿನ್ನ ಹಾದಿ ಕಾಯ್ತೈತೇನು? ಹೋದ ಸಲ ಎಷ್ಟನೇದಾಂವ ಬಂದಿ?"

"ಹನ್ನೊಂದು."

"ಹನ್ನೊಂದು! ಕಟ್ಟಿ ಮ್ಯಾಲೆ ಕುಂತು ಹೇಳಾಕೂ ಬರೂದಿಲ್ಲ. ಕರಿಸಿದ್ದಪ್ಪಗ ನಾ ಬೆಳಗಾಂವ ಅಂತ ಮಾತು ಕೊಟ್ಟೀನಿ, ತಿಳೀತೇನು?"

ಕರಿಸಿದ್ದಪ್ಪ ದುಮ್ಮವಾಡದವನು. ಅವನ ಮಗಳು ಬೀರವ್ವನನ್ನು ಹೊಳೆಯಪ್ಪನಿಗೆ ಕೇಳಿದ್ದರು. ಹುಡುಗಿಯನ್ನು ಹೊಳೆಯಪ್ಪ ಹೋದ ರಜೆಯಲ್ಲಿ ಸಂಬಂಧಿಕರ ಮದುವೆಯಲ್ಲಿ ನೋಡಿದ್ದ, ಅವಳು ಬಡಿಸಿದಷ್ಟೂ ಹೋಳಿಗೆ ತಿಂದು ಬಂದಿದ್ದ. ಬರ್ಫದಲ್ಲಿ ಮುಚ್ಚಿಹೋಗುವವನಿಗೆ ಮಗಳನ್ನು ಕೊಡುವುದಿಲ್ಲ, ಬೆಳಗಾವಿಗೆ ಬಂದರೆ ಕೊಡುತ್ತೇನೆ ಎಂದು ಕರಿಸಿದ್ದಪ್ಪ ಹೇಳಿದ್ದ.

"ಯಾಕೋ ಯಣ್ಣಾ, ಮಾತ ನಿಂತುವು?" ಎಂದು ತಂಗಿ ಫಕೀರವ್ವ ಕಿಚಾಯಿಸಿದಳು.

"ನೀ ಉಣ್ಣ ಸುಮ್ನ."

ಹನಮವ್ವ ಇಬ್ಬರ ಗಂಗಾಳಕ್ಕೂ ಸಮನಾಗಿ ಮಜ್ಜಿಗೆ ಹಾಕಿದಳು.

ಮುಂದಿನ ವಾರ ಹಿಂಗಾರಿ ಜೋಳದ ಬಿತ್ತಿಗೆ. ಹೊಳೆಯಪ್ಪ ಕೂರಿಗೆ ಹಿಡಿದ, ಹನಮವ್ವ ಬೀಜ ಬಿಟ್ಟಳು, ಫಕೀರವ್ವ ಬುತ್ತಿ ಹೊತ್ತು ತಂದಳು. ಎತ್ತು ನೆರಳಿಗೆ ಬಿಟ್ಟ ಹೊತ್ತಿನಲ್ಲಿ ಮಗ ಸುಮ್ಮನೆ ಕೂರುತ್ತಿರಲಿಲ್ಲ. ಒಂದು ಕೈಯಲ್ಲಿ ಅಪ್ಪನ ಕುರಿ ಕಾಯುವ ಕೋಲು, ಇನ್ನೊಂದರಲ್ಲಿ ಅಜ್ಜಿಯ ಊರುಗೋಲು ಹಿಡಿದು ಹೊಲದ ಬದುವಿನ ಉದ್ದಕ್ಕೂ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ, ಕೋಲು ಊರುತ್ತ, ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ತೋಳುಗಳು ಮರೆಯಬಾರದು ಎನ್ನುತ್ತಿದ್ದ.

ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಎರಡೆರಡು ಕೋಲು ಹಿಡಿದು ನಡೆಯುವ ಗಟ್ಟಿಮುಟ್ಟು ಹುಡುಗನನ್ನು ಅವರು ಎಂದೂ ಕಂಡಿರಲಿಲ್ಲ. ಮಾಳಪ್ಪನ ಮಗನಿಗೆ ಮಿಲಿಟರಿಯಲ್ಲಿ ಕಾಲು ಹೋಗಿವೆಯಂತೆ ಎಂಬ ಮಾತು ಸಂಜೆಯೊಳಗೆ ಮಶಾಕಸಾಬನ ಹಿಟ್ಟಿನ ಗಿರಣಿಗೆ ಬಂತು.

ಜೋಳ ಬೀಸಿಸಲು ಮೊಮ್ಮಗಳ ಜತೆ ಬಂದು ಸಾಲಿನಲ್ಲಿ ಕೂತಿದ್ದ ಮೈಲಾರವ್ವನಿಗೆ ಅದು ಕೇಳಿಸಿತು. ಗಿರಣಿಯ ಪಟ್ಟೆ ಗಡಗಡ ಎನ್ನುತ್ತಿತ್ತು. ಮುದುಕಿ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು.

"ಕಾಲ ಹೋಗಿದ್ರ ಹೆಂಗ ಓಡ್ತಾನ್ರೇ? ಮಿಲಿಟರ್ಯಾಗ ಆರು ವರ್ಷ ಓಡ್ಯಾನ ನನ್ನ ಮೊಮ್ಮಗ! ಮುಂಜಾನೆನೂ ಓಡಿ ಬಂದಾನ, ನಿನ್ನೆನೂ ಓಡಿ ಬಂದಾನ! ಬಂದು ನೋಡ್ರಿ ಬೇಕಾರ, ಕಾಲು ಕಂಬ ಇದ್ದಂಗ ಅದಾವು!"

ಗಡಗಡ ಸದ್ದಿನಲ್ಲಿ ಅರ್ಧ ಹಾರಿಹೋಯಿತು. 'ಮಿಲಿಟರಿ', 'ಓಡಿ ಬಂದಾನ' ಎಂಬ ಎರಡು ಮಾತು ಮಾತ್ರ ಸಾಲಿನ ಕೊನೆಯವರೆಗೆ ತಲುಪಿದವು.

ಎರಡು ದಿನ ಬಿಟ್ಟು ಮಶಾಕಸಾಬನ ಹೆಂಡತಿ ಮೈಮುನಬಿ ಹಿಟ್ಟು ಸೋಸುವ ಸಾಣಿಗೆ ಕೇಳುವ ನೆಪದಲ್ಲಿ ಹಿತ್ತಲ ಬಾಗಿಲಿನಿಂದ ಬಂದಳು. ಹನಮವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮೈಮುನಬಿ ಪಕ್ಕದಲ್ಲಿ ಕೂತು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದಳು.

"ಅಕ್ಕಾ, ನೀವು ಹೆದರಬ್ಯಾಡ್ರಿ. ಪೊಲೀಸರು ಬಂದ್ರ ನಮ್ಮ ಹಿಟ್ಟಿನ ಖೋಲ್ಯಾಗ ಅಡಗಸೂಣು. ಚೀಲದ ಹಿಂದ ಕುಂತು ಮೈತುಂಬ ಹಿಟ್ಟು ಬಡಕೊಂಡ್ರ ಹಡದ ತಾಯಿಗೂ ಗುರ್ತ ಸಿಗೂದಿಲ್ಲ."

"ಯಾರನ್ನ ಅಡಗಸೂದು?"

"ಹೊಳ್ಯಾನ್ನರಿ."

"ಯಾಕ?"

"ಮಿಲಿಟರಿ ಬಿಟ್ಟು ಓಡಿ ಬಂದಾನಲ್ಲರಿ. ಊರೆಲ್ಲಾ ಗೊತ್ತಾಗೈತಿ. ನಮ್ಮವರು ಅಂದ್ರು, ಪಾಪ, ಚಳಿ ತಡೀಲಾರ್ದ ಬಂದಿರಬೇಕು ಅಂತ."

ಹನಮವ್ವ ಮೆಣಸಿನಕಾಯಿಯ ಬುಟ್ಟಿ ಆಚೆ ಸರಿಸಿದಳು. ಮೈಮುನಬಿಗೆ ಎಲ್ಲ ತಿಳಿಸಿ ಹೇಳುವಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದುಹೋಯಿತು. ಮೈಮುನಬಿ ಸೆರಗು ಬಾಯಿಗಿಟ್ಟು ನಕ್ಕು, "ಹಂಗಾರ ಸಾಣಗಿನರ ಕೊಡ್ರಿ, ಬರಿಗೈಲೆ ಹೆಂಗ ಹೋಗ್ಲಿ?" ಎಂದು ಇಸಿದುಕೊಂಡು ಹೋದಳು.

ಸೀದ ಬೇಳೆಯ ಸಾರಿನ ಮುಂದೆ ಕೂತಾಗ ಮಾಳಪ್ಪನಿಗೆ ವಿಷಯ ಗೊತ್ತಾಯಿತು.

"ಯವ್ವಾ! ಏನಂತ ಹೇಳಿದಿ ನೀ ಗಿರಣ್ಯಾಗ?"

"ಓಡಿ ಬಂದಾನ ಅಂದೆ," ಎಂದಳು ಮುದುಕಿ. "ಓಡಿ ಬರೂದಿಲ್ಲೇನು? ದಿನಾ ಬರ್ತಾನ. ಬಂದು ಎಲ್ಲಾರ ಪಾಲಿನ ರೊಟ್ಟಿ ತಿಂತಾನ."

ಫಕೀರವ್ವ ನಗು ತಡೆಯಲಾರದೆ ನೀರಿನ ತಂಬಿಗೆ ಉರುಳಿಸಿದಳು. ಹೊಳೆಯಪ್ಪನೂ ನಕ್ಕ. ಮಾಳಪ್ಪ ಮಾತ್ರ ನಗಲಿಲ್ಲ.

"ನಗ್ರಿ. ನಾಳೆ ಹಾದ್ಯಾಗ ನಾ ಹೆಂಗ ಮಾರಿ ತೋರಸ್ಲಿ?"

ಮರುದಿನ ಅವನು ತಾನೇ ಕಟ್ಟೆಗೆ ಹೋಗಿ ಕೂತು, ನನ್ನ ಮಗ ಓಡಿ ಬಂದಿಲ್ಲ, ರಜೆಯ ಮೇಲೆ ಬಂದಿದ್ದಾನೆ ಎಂದು ಒಬ್ಬೊಬ್ಬರಿಗೂ ಹೇಳಿದ. ಕೇಳಿದವರೆಲ್ಲ ಕನಿಕರದಿಂದ ತಲೆ ಆಡಿಸಿದರು. "ಹೌದೌದು ಮಾಳಪ್ಪಣ್ಣಾ, ರಜಾನ ಬಿಡು," ಎಂದರು. "ಯಾರರ ಕೇಳಿದ್ರ ನಾವೂ ಹಂಗ ಹೇಳ್ತೀವಿ." ಒಬ್ಬನಂತೂ ಎರಡು ಊರು ದಾಟಿ ಹೊಲದಲ್ಲಿ ತನ್ನದೊಂದು ಗುಡಿಸಲಿದೆ, ಬೇಕಾದರೆ ಖಾಲಿ ಮಾಡಿಕೊಡುತ್ತೇನೆ ಎಂದ.

ಸಂಜೆ ಮನೆಗೆ ಬಂದ ಮಾಳಪ್ಪ ಮಗನಿಗೆ ಹೇಳಿದ: "ನಾಳಿಂದ ಓಡಬ್ಯಾಡ."

"ಓಡದಿದ್ರ ಉಸಿರು ಕಟ್ಟತೈತಿ ಯಪ್ಪಾ. ನಾಕು ಮಂದ್ಯಾಗ ಹೆಂಗ ಬರ್ಲಿ?"

"ಬೆಳಗಾಂವದ ಉಗ್ರಾಣದಾಗ ಉಸಿರು ಯಾಕ ಬೇಕೋ? ಕುಂತಲ್ಲೆ ಕಂಬಳಿ ಎಣಸೂದು."

"ನಾ ಇನ್ನೂ ಬೆಳಗಾಂವ ಅಂದಿಲ್ಲ."

"ನಾ ಅಂದೀನಿ!"

ಮರುದಿನ ನಸುಕಿನಲ್ಲಿ ಹೊಳೆಯಪ್ಪ ಓಡಿದ. ಅಂದಿನಿಂದ ಮಾಳಪ್ಪ ಅವನೊಡನೆ ಮಾತು ಬಿಟ್ಟ. ಬೇಕಾದದ್ದನ್ನು ಎದುರಿಗೇ ಕೂತ ಮಗನಿಗೆ ಹೆಂಡತಿಯ ಬಾಯಿಂದ ಹೇಳಿಸಿದ. "ಅವಗ ಎತ್ತಿಗೆ ನೀರ ಕುಡಸು ಅನ್ನು." "ನೀರ ಕುಡಸಂತೋ." "ಕುಡಸೀನಿ ಅನ್ನಬೇ." ಹನಮವ್ವನಿಗೆ ರೊಟ್ಟಿ ಬಡಿಯುವುದರ ಜತೆಗೆ ಇದೂ ಒಂದು ಕೆಲಸವಾಯಿತು.

ಅಂಥ ಒಂದು ಬೆಳಿಗ್ಗೆ ಒಲೆ ಊದುತ್ತ ಅವಳು ಕೇಳಿದಳು. "ಅಲ್ಲೋ, ಆ ಬರ್ಫದಾಗ ಅಂಥಾದ್ದು ಏನೈತೋ?"

ಹೊಳೆಯಪ್ಪ ಒಲೆಗೆ ಹತ್ತಿಕಟಿಗೆ ಇಡುತ್ತಿದ್ದ. "ಏನೂ ಇಲ್ಲಬೇ. ಸಪ್ಪಳ ಸೈತ ಇಲ್ಲ. ಕಣ್ಣ ರೆಪ್ಪಿ ಮ್ಯಾಲೆ ಬರ್ಫ ಕುಂದರ್ತೈತಿ. ಮುಂದ ಹೋದಂವನ ಗೆರಿ ಕಾಣ್ತೈತಿ, ಆ ಗೆರಿ ಹಿಡದು ಹೊಂಟಬಿಡೂದು." ಇನ್ನೊಂದು ಕಟಿಗೆ ಒಳಗೆ ನೂಕಿ ಸೇರಿಸಿದ: "ಮೊದಲನೇ ವರ್ಷ ಎಲ್ಲಾರೂ ನನ್ನ ಹಿಂದ ಹಾಕಿ ಹೋಗ್ತಿದ್ರು. ಈಗ ಅವ್ರೊಳಗ ಬಾಳ ಮಂದಿ ನನ್ನ ಹಿಂದ ಅದಾರ. ಎಲ್ಲಿತನಕ ಹೋಗ್ತೀನಿ ಅಂತ ನೋಡಬೇಕಾಗೈತಿ ನನಗ. ಅಷ್ಟ."

ಹನಮವ್ವ ರೊಟ್ಟಿ ತಿರುವಿ ಹಾಕಿದಳು. ಅದು ಉಬ್ಬಿ ಹಂಚಿನಿಂದ ಎದ್ದಿತು.

"ನಿಮ್ಮಪ್ಪಗ ನಾ ಹೇಳ್ತೀನಿ ತಡಿ," ಎಂದಳು.

ಹೇಳಿದಳು ಕೂಡ. ಗಂಡ ಕುರಿ ಬಿಟ್ಟುಕೊಂಡು ಹೊರಟಾಗ ಹಿಂದೆಯೇ ಹೋಗಿ ಕಂಬಳಿ ಕೊಡುತ್ತ ಹೇಳಿದಳು. ಮಾಳಪ್ಪ ಬಾತ ಮಂಡಿಯನ್ನು ತೋರಿಸಿ, "ಇದಕ್ಕ ಹೇಳು," ಎಂದು ನಡೆದ.

ಫಕೀರವ್ವನಿಗೆ ಇವೆಲ್ಲಕ್ಕಿಂತ ಅಣ್ಣನ ಆಟವನ್ನು ಕಣ್ಣಾರೆ ನೋಡುವ ಆಸೆ. "ಬರೇ ಬಾಯಿಲೆ ಹೇಳ್ತಿ, ಒಮ್ಮೆರ ಮಾಡಿ ತೋರ್ಸೋ," ಎಂದು ಬೆನ್ನು ಹತ್ತಿದಳು. ಕೊನೆಗೆ ಹೊಳೆಯಪ್ಪ ಎತ್ತಿಗೆ ಮೇವು ಹಾಕುವ ಮುರಿದ ಗೋದಲಿಯ ಎರಡು ಉದ್ದನೆಯ ಹಲಗೆ ಕೆತ್ತಿದ. ಹಿತ್ತಲಿನಲ್ಲಿ ಹೆಸರುಕಾಳಿನ ಹೊಟ್ಟು ಹಾಸಿದರು. ಬೆರಳ ಕಡೆ ಮಾತ್ರ ಹಗ್ಗ ಕಟ್ಟಬೇಕು, ಹಿಮ್ಮಡಿ ಬಿಡುವಾಗಿರಬೇಕು ಎಂದು ತೋರಿಸಿದ. ಹಲಗೆಗೆ ಎಣ್ಣೆ ಸವರು ಎಂದದ್ದೇ ತಡ, ಫಕೀರವ್ವ ಬಂಡಿಯ ಕೀಲೆಣ್ಣೆಯನ್ನು ಎರಡಕ್ಕೂ ಈ ತುದಿಯಿಂದ ಆ ತುದಿಯವರೆಗೆ ಮೆತ್ತಿದಳು. ಹೊಳೆಯಪ್ಪ ಅದನ್ನು ನೋಡಲಿಲ್ಲ.

ಕೋಲು ಊರಿ ಮೊದಲ ಹೆಜ್ಜೆ ಹಾಕಿದ. ಎರಡೂ ಹಲಗೆ ಒಂದೊಂದು ದಿಕ್ಕಿಗೆ ಹೋದವು. ಹೊಳೆಯಪ್ಪ ಒಂದು ಮಗ್ಗುಲಿಗೆ ಮಲಗಿದಂತೆ ಬಿದ್ದು, ಉರುಳಿ, ಹಲಗೆಗಳನ್ನು ಮೇಲೆತ್ತಿ ಸರಿ ಮಾಡಿಕೊಂಡು, ಕೋಲು ಹಿಡಿದು ಎದ್ದು ನಿಂತ. ತಲೆತುಂಬ ಹೊಟ್ಟು.

"ಕಾಲ ಕೆಳಗ ಯಾಕ ಹಚ್ಚಿದೀಲೇ? ಅಲ್ಲಿ ಹಿಡೀಬೇಕು, ಹಿಂದ ಮುಂದಷ್ಟ ಜಾರಬೇಕು!"

"ನೀ ಎಲ್ಲೆ ಹೇಳಿದಿ?"

ಆಗ ಹಿತ್ತಲ ಬಾಗಿಲಿನಲ್ಲಿ ಯಾರೋ ಕೆಮ್ಮಿದರು. ದುಮ್ಮವಾಡದ ಕರಿಸಿದ್ದಪ್ಪ ನಿಂತಿದ್ದ. ಅವನ ಹಿಂದೆ ಅವನ ತಂಗಿ, ಅಂದರೆ ಬೀರವ್ವನ ಸೋದರತ್ತೆ, ಕಣ್ಣರಳಿಸಿ ನೋಡುತ್ತಿದ್ದಳು.

"ಕಾಲ ಹೋಗ್ಯಾವ ಅನ್ನೂದೂ ಖರೇನ ಅಂದಂಗಾತು," ಎಂದ ಕರಿಸಿದ್ದಪ್ಪ.

ಬಂದವರಿಗೆ ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ, ಚುರಮುರಿ ಸೂಸಲಾ ಮಾಡಿಟ್ಟು ಹನಮವ್ವ ಗಂಡನನ್ನು ಕರೆಸಿದಳು. ಕರಿಸಿದ್ದಪ್ಪ ಸೂಸಲಾ ಮುಟ್ಟಲಿಲ್ಲ.

"ಬಿಚ್ಚಿ ಕೇಳ್ತೀನಿ ಮಾಳಪ್ಪಣ್ಣಾ. ಹುಡುಗ ಓಡಿ ಬಂದಾನಂತ ಸಂತ್ಯಾಗ ಕೇಳಿದೆ. ಓಡಿ ಬಂದಂವಗ ನಾ ಹೆಣ್ಣ ಕೊಡೂದಿಲ್ಲ."

"ಓಡಿದ್ರ ಏನ್ ತಪ್ಪೈತಿ?" ಎಂದು ಬಾಗಿಲಿನಿಂದ ಅಜ್ಜಿ ಸುರುಮಾಡಿದಳು. "ಆರು ವರ್ಷ..."

"ಅತ್ತೀ, ಕದರು ಬಿದ್ದೈತಿ ನೋಡ್ರಿ," ಎಂದು ಹನಮವ್ವ ಅವಳ ತೋಳು ಒತ್ತಿದಳು.

"ರಜಾದ ಮ್ಯಾಲೆ ಬಂದಾನ," ಎಂದ ಮಾಳಪ್ಪ. "ರಜಾ ಮುಗದ ಮ್ಯಾಲೆ ಬೆಳಗಾಂವಕ್ಕ..."

"ಅದ ನೋಡು!" ಕರಿಸಿದ್ದಪ್ಪ ತೊಡೆ ತಟ್ಟಿದ. "ಕಾಶ್ಮೀರದಾಗ ಇದ್ದಂವನ್ನ ಇಷ್ಟ ಹತ್ರ ಸುಮ್‌ಸುಮ್ನ ಯಾಕ ತರ್ತಾರ? ನಮ್ಮೂರಾಗ ಅನ್ನಾಕತ್ತಾರ, ಓಡಿ ಬಂದದ್ದಕ್ಕ ಶಿಕ್ಷಾ ಕೊಟ್ಟು ಬೆಳಗಾಂವದಾಗ ಕಂಬಳಿ ಎಣಸಾಕ ಕುಂದ್ರಸ್ತಾರಂತ."

ಮಾಳಪ್ಪನ ಮುಖ ಕೆಂಪಾಯಿತು.

"ಯಾರಂದಾರ ನನ್ನ ಮಗ ಬೆಳಗಾಂವಕ್ಕ ಹೊಂಟಾನಂತ?"

"ನೀನ ಅಂದಿದ್ದಿ."

"ಅಂದಿದ್ದೆ. ಈಗ ಇಲ್ಲ! ದೀಪಾವಳಿ ಪಾಡ್ಯ ಮುಗದ ಮರುದಿನ ಕಾಶ್ಮೀರಕ್ಕ ಹೊಂಟಾನ. ಇಡೀ ಫೌಜಿನ್ಯಾಗ ನಾಕು ಮಂದೀನ್ನ ಆರಸ್ಯಾರ, ಅದ್ರಾಗ ನನ್ನ ಮಗ ಒಬ್ಬಾಂವ!"

"ಇನ್ನೂ ಆರಿಸಿಲ್ಲ ಯಪ್ಪಾ," ಎಂದ ಹೊಳೆಯಪ್ಪ. ತಲೆಯಲ್ಲಿನ್ನೂ ಹೊಟ್ಟು ಇತ್ತು.

"ನೀ ಸುಮ್ಕಿರು! ಆರಸ್ತಾರ!"

ಕರಿಸಿದ್ದಪ್ಪ ಸೂಸಲಾದ ತಟ್ಟೆಯನ್ನು ಇನ್ನಷ್ಟು ದೂರ ತಳ್ಳಿದ. ಸೋದರತ್ತೆ ಮಾತ್ರ ಸೂಸಲಾ ತಿನ್ನುತ್ತ ಹೊಳೆಯಪ್ಪನನ್ನು ಕೇಳಿದಳು. "ಅಲ್ಲೋ ತಮ್ಮಾ, ಅಷ್ಟ ಜೋರ ಬಿದ್ದಿ, ಪೆಟ್ಟಾಗ್ಲಿಲ್ಲೇನು?"

"ಇಲ್ಲರಿ. ನಮಗ ಮೊದಲ ಬೀಳಾಕ ಕಲಸ್ತಾರ. ಆಮ್ಯಾಲೆ ಏಳಾಕ. ಓಡೂದು ಕಡೀಕ."

"ಬೀಳಾಕ ಕಲಸ್ತಾರ!" ಸೋದರತ್ತೆಗೆ ನಗು ಬಂತು. ಕರಿಸಿದ್ದಪ್ಪ ನಗಲಿಲ್ಲ. ವಿಚಾರ ಮಾಡಿ ತಿಳಿಸುತ್ತೇನೆ ಎಂದು ಎದ್ದು ಹೋದ.

ಅವರು ಹೋದ ಮೇಲೆ ಮಾಳಪ್ಪನಿಗೆ ತಾನು ಏನು ಅಂದೆನೆಂಬುದು ತಿಳಿಯಿತು. ಕೋಲು ಗೋಡೆಗೆ ಒರಗಿಸಿ, ಕಾಲು ಚಾಚಿ ಕೂತ.

"ಈಗ ಕುರಿ ಯಾರ್ ಕಾಯಬೇಕು?" ಎಂದು ಗೋಡೆಯನ್ನೇ ಕೇಳಿದ.

"ನಾ ಹೋಗ್ತೀನಿ," ಎಂದಳು ಫಕೀರವ್ವ.

"ಹೆಣ್ಣ ಹುಡುಗಿ ಕುರಿ ಹಿಂದ?"

"ಕುರಿಗೇನ್ ಗೊತ್ತಾಗತೈತಿ, ಹಿಂದ ಯಾರ್ ಬಂದಾರಂತ?"

"ನಾ ಹೋಗಿಲ್ಲೇನು?" ಅಜ್ಜಿಗೆ ಹುರುಪು ಬಂತು. "ನೀ ಹೊಟ್ಟ್ಯಾಗಿದ್ದಾಗ ನಾನ ಕುರಿ ಕಾದೀನಿ. ಹೋಗಲಿ ಬಿಡು, ಮನ್ಯಾಗ ಕುಂತು ನಕ್ಕೋಂತ ತಂಬಗಿ ಕೆಡವೂದಕ್ಕಿಂತ ಚಲೋ."

ಮಾಳಪ್ಪ ಹೆಂಡತಿಯ ಕಡೆ ನೋಡಿದ. "ನೀ ಏನಂತಿ?"

"ಮಧ್ಯಾಹ್ನಕ್ಕ ನಾ ಬುತ್ತಿ ಒಯ್ತೀನಿ, ಸಂಜಿತನಕ ಅಕಿ ಜೋಡಿ ಇರ್ತೀನಿ," ಎಂದಳು ಹನಮವ್ವ. "ನೀವು ಮನ್ಯಾಗ ಕುಂತು ಮಣಕಾಲಿಗೆ ಎಣ್ಣಿ ತಿಕ್ಕೋರಿ. ಎಮ್ಮಿ ನೋಡ್ಕೋರಿ. ಅನ್ನಕ್ಕ ಇಡಾಕ ಬರತೈತಲ್ಲಾ?"

"ಅನ್ನ!" ಎಂದ ಮಾಳಪ್ಪ. ಇಲ್ಲ ಎನ್ನಲಿಲ್ಲ. ಆಮೇಲೆ ಮಗನ ಕಡೆ ತಿರುಗಿ, ಮಧ್ಯೆ ಹೆಂಡತಿಯಿಲ್ಲದೆ ನೇರವಾಗಿ ಹೇಳಿದ: "ನಾಳೆ ಲಗೂ ಏಳು. ಊರ ನಡುವಿನ ಹಾದಿ ಹಿಡದ ಓಡು. ಕದ್ದು ಓಡಿದಂಗ ಹೊಲದಾಗ ಓಡಬ್ಯಾಡ."

ದೀಪಾವಳಿಯ ಪಾಡ್ಯಕ್ಕೆ ಸಗಣಿಯಲ್ಲಿ ಪಾಂಡವರ ಗೊಂಬೆ ಮಾಡಿಟ್ಟು, ಕುರಿಗಳಿಗೆ ಹೂವು ಕಟ್ಟಿ, ಮರುದಿನ ಮನೆಯವರೆಲ್ಲ ಹೊಳೆಯಪ್ಪನನ್ನು ಕಳಿಸಲು ಅಣ್ಣಿಗೇರಿ ಸ್ಟೇಶನ್ನಿಗೆ ಬಂದರು. ಸಮವಸ್ತ್ರ ಹಾಕಿಕೊಂಡೇ ಹೋಗಬೇಕೆಂದು ಮಾಳಪ್ಪ ಹಟ ಹಿಡಿದಿದ್ದ. ಅಜ್ಜಿ ತಾನೇ ನೂತು ನೇಯಿಸಿದ ಕಂಬಳಿಯನ್ನು ಮೊಮ್ಮಗನ ಹೆಗಲಿಗೆ ಹಾಕಿದಳು. ಹನಮವ್ವನ ಬುತ್ತಿಗಂಟು ಅವನ ಟ್ರಂಕಿಗಿಂತ ದೊಡ್ಡದಾಗಿತ್ತು.

ಪ್ಲಾಟ್‌ಫಾರಂ ಮೇಲೆ ಕರಿಸಿದ್ದಪ್ಪ ನಿಂತಿದ್ದ. ತಂಗಿಯೂ ಇದ್ದಳು, ಅವಳ ಪಕ್ಕದಲ್ಲಿ ಬೀರವ್ವ.

"ಹೋಗ್ತಾನೋ ಇಲ್ಲೋ ಅಂತ ಕಣ್ಣಿಲೆ ನೋಡಿ ಹೋಗೂಣು ಅಂತ ಬಂದೆ," ಎಂದ ಕರಿಸಿದ್ದಪ್ಪ. ಮುಚ್ಚುಮರೆ ಅವನಿಗೆ ಬರುತ್ತಿರಲಿಲ್ಲ.

"ನೋಡು, ಬೇಕಾದಷ್ಟು ನೋಡು," ಎಂದ ಮಾಳಪ್ಪ.

ಗಂಡಸರಿಬ್ಬರೂ ಮೀಸೆ ತಿರುವುತ್ತ ನಿಂತಾಗ ಬೀರವ್ವ ಬುತ್ತಿಗಂಟಿನ ಮೇಲೆ ಕಣ್ಣಿಟ್ಟು ಮೆಲ್ಲಗೆ ಮಾತಾಡಿದಳು. "ಕೀಲೆಣ್ಣಿ ಹಚ್ಕೊಂಡು ಬಿದ್ರಂತಲ್ಲ?"

ಹೊಳೆಯಪ್ಪನ ಕಿವಿ ಕೆಂಪಾದವು. "ನಿಮ್ಮಪ್ಪ ಹೇಳಿದ್ರೇನು?"

"ಬಿದ್ದದ್ದನ್ನ ಅಪ್ಪ ಹೇಳಿದ. ಎದ್ದದ್ದನ್ನ ಅತ್ತಿ ಹೇಳಿದ್ಳು." ಅವಳು ಒಮ್ಮೆ ತಲೆ ಎತ್ತಿದಳು. "ನಾ ಅತ್ತೀ ಮಾತ ಕೇಳೂದು."

ಗಾಡಿ ಬಂತು. ಅವನು ಹತ್ತಿದ್ದನ್ನೂ, ಗಾಡಿ ಹೋದದ್ದನ್ನೂ, ಹೋದ ಮೇಲೆ ಅವನು ಇನ್ನೊಂದು ಮಗ್ಗುಲಿಗೆ ಇಳಿಯಲಿಲ್ಲ ಎಂಬುದನ್ನೂ ಕರಿಸಿದ್ದಪ್ಪ ಖಾತ್ರಿ ಮಾಡಿಕೊಂಡ. ಆಮೇಲೆ ಮಾಳಪ್ಪನ ಕೈ ಹಿಡಿದು, "ನಡೀ ಬೀಗಾ, ಚಹಾ ಕುಡಿಯೂಣು," ಎಂದ.

ಆ ಚಳಿಗಾಲ ಮಾಳಪ್ಪ ಮೂರು ಸಲ ಅನ್ನ ಸೀಯಿಸಿದ, ನಾಲ್ಕನೆಯ ಸಲ ಚೆನ್ನಾಗಿ ಮಾಡಿದ. ಫಕೀರವ್ವ ಬಿಸಿಲಿಗೆ ಕಪ್ಪಾದಳು, ಸೀಟಿ ಹೊಡೆಯಲು ಕಲಿತಳು. ಹನಮವ್ವ ಮುಂಜಾನೆ ಬಾವಿಯ ನೀರು ಕೈಗೆ ತಣ್ಣಗೆ ತಾಗಿದಾಗೆಲ್ಲ ಉತ್ತರದ ಕಡೆ ಒಮ್ಮೆ ನೋಡಿ ಕೊಡ ಎತ್ತುತ್ತಿದ್ದಳು. ಗಿರಣಿಯಲ್ಲಿ ಮೈಲಾರವ್ವ ಬಾಯಿ ತೆರೆದರೆ ಮಶಾಕಸಾಬ ಮೊದಲು ಮಶೀನು ನಿಲ್ಲಿಸುತ್ತಿದ್ದ. "ಈಗ ಹೇಳಬೇ ಆಯಿ, ಎಲ್ಲಾರಿಗೂ ಕೇಳಸ್ಲಿ."

ಯುಗಾದಿ ಕಳೆದು ಮದುವೆಗೆ ನಾಲ್ಕು ದಿನ ಇರುವಾಗ ಹೊಳೆಯಪ್ಪ ಬಂದ. ಬಾಗಿಲು ತೆರೆದ ಫಕೀರವ್ವ ಕಿರುಚಿ ಹಿಂದೆ ಸರಿದಳು. ಹಿಮದ ಬಿಸಿಲಿಗೆ ಅವನ ಮುಖ ಹಂಚಿನಂತೆ ಕಪ್ಪಾಗಿತ್ತು. ಕನ್ನಡಕ ಹಾಕಿದ್ದ ಜಾಗ ಮಾತ್ರ ಎರಡು ಕಣ್ಣಿನ ಸುತ್ತ ಬಿಳಿಯ ಬಳೆಗಳಾಗಿ ಉಳಿದಿತ್ತು.

"ಯವ್ವಾ, ಗೂಗಿ ಬಂದೈತಿ!" ಎಂದಳು ಫಕೀರವ್ವ.

ಅರಿಷಿಣ ಹಚ್ಚುವ ದಿನ ಹೆಂಗಸರಲ್ಲಿ ಜಗಳವೇ ಆಯಿತು. ಕಪ್ಪು ಕಂಡಲ್ಲಿ ಹೆಚ್ಚು ಹಚ್ಚಬೇಕು ಎಂದು ಅಜ್ಜಿ. ಬಿಳಿ ಇದ್ದಲ್ಲಿ ಹಚ್ಚಿದರೆ ಎಲ್ಲ ಒಂದೇ ಬಣ್ಣವಾಗುತ್ತದೆ ಎಂದು ಮೈಮುನಬಿ. ಬೀರವ್ವ ಮುಖ ನೋಡಿ ಮಂಟಪದಿಂದ ಎದ್ದು ಹೋದರೆ ಏನು ಗತಿ ಎಂದು ಫಕೀರವ್ವ. ಹನಮವ್ವ ಮಗನ ಗಲ್ಲ ಹಿಡಿದು, ಎರಡೂ ಕೆನ್ನೆಗೆ ನಿಧಾನವಾಗಿ, ರೊಟ್ಟಿಗೆ ಬೆಣ್ಣೆ ಸವರಿದಂತೆ ಸವರಿದಳು.

ಆ ಗದ್ದಲದಲ್ಲಿ ಮಾಳಪ್ಪ ಒಳಗೆ ಬಂದ. ಗಂಡಸರು ಬರುವ ಹೊತ್ತಲ್ಲ ಅದು. ಹೆಂಗಸರು ಕೂಗಿದರೂ ಅವನು ಮಣೆಯ ಎದುರಿಗೆ ಬಂದು ನಿಂತ.

"ಬಂದಾಗಿಂದ ಕೇಳಾಕ ಯಾರೂ ಬಿಡವಲ್ರು. ನಾಕು ಮಂದ್ಯಾಗ ಸಿಕ್ಕೆಂತ ಕಾಗದ ಬರದಿದ್ದಿ. ಆಮ್ಯಾಲೇನಾತು?"

"ನಮ್ಮ ತಂಡ ಎರಡನೇದು ಬಂತು ಯಪ್ಪಾ."

"ಎರಡನೇದು!" ಮೈಮುನಬಿ ಬೆರಳು ಮುರಿದು ದೃಷ್ಟಿ ತೆಗೆದಳು. ಅಜ್ಜಿ ಸೋಬಾನ ಸುರು ಮಾಡಿದಳು.

ಮಾಳಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಒಂದನೇದು ಯಾರು?"

"ಗುಡ್ಡದ ಕಡೆಯವ್ರು. ನಾಕೂ ಮಂದಿ ಒಬ್ಬರಾದ ಮ್ಯಾಲೆ ಒಬ್ಬರು ಓಡೂದು, ಕಡೀ ಪಾಳಿ ನಂದಿತ್ತು. ನನ್ನ ಮುಂದ ಒಬ್ಬಾಂವನ ಇದ್ದ."

"ಎಷ್ಟು ಮುಂದಿದ್ದ?"

ಹೊಳೆಯಪ್ಪ ಯೋಚಿಸಿದ. "ನಮ್ಮ ಬಾಗಲದಿಂದ ಆ ಹುಣಸೀಗಿಡದ ತನಕ."

ಮಾಳಪ್ಪ ಹೊರಗೆ ಹೋದ. ಅಂಗಳದ ಚಪ್ಪರದ ಕೆಳಗಿನಿಂದ ಆಚೆ, ದಾರಿಯ ತಿರುವಿನಲ್ಲಿದ್ದ ಹುಣಸೆಮರವನ್ನು ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿದ. ಅಷ್ಟು ಸಾಲದೆಂದು ಕೋಲು ಊರುತ್ತ ಅಲ್ಲಿಯ ತನಕ ನಡೆದು ಹೋದ, ಮರ ಮುಟ್ಟಿ ತಿರುಗಿ ಬಂದ. ಹೆಂಗಸರ ನಡುವೆ ನುಗ್ಗಿ, ಅರಿಷಿಣದಲ್ಲಿ ಮುಳುಗಿದ ಮಗನ ಮುಂದೆ ಮತ್ತೆ ನಿಂತು ಹೇಳಿದ:

"ಬಾಳ ದೂರೇನಿಲ್ಲ. ಬರೂ ಚಳಿಗಾಲಕ್ಕ ಹಿಡಿ ಅಂವನ್ನ."